ಎಂಟಕ್ಷರದ ಕಳ್ಳಿ

ಚೌಕಾಸಿ ಮಾಡದೆ ಕೊಂಡ ವಸ್ತು ನನ್ನ ಮೈಗೆ ಹತ್ತುವುದಿಲ್ಲ. ಇದನ್ನು ನನ್ನ ಹೆಂಡತಿ ಪಾರ್ವತಿ ಚಟ ಎನ್ನುತ್ತಾಳೆ, ನಾನು ಕಸುಬು ಎನ್ನುತ್ತೇನೆ. ಮಾಗಡಿ ರಸ್ತೆಯಲ್ಲಿ ನನ್ನದು ಹಳೆಯ ಬಾಗಿಲು ಕಿಟಕಿಗಳ ಅಂಗಡಿ. ಪೇಟೆಯಲ್ಲಿ ಯಾರದಾದರೂ ಹಳೆ ಮನೆ ಕೆಡವುತ್ತಾರೆಂದರೆ ಅವರ ನೆಂಟರಿಗಿಂತ ಮೊದಲು ನನಗೆ ಸುದ್ದಿ ಮುಟ್ಟುತ್ತದೆ. ಬರಿಗೈಯಲ್ಲಿ ಬೆಂಗಳೂರಿಗೆ ಬಂದವನು ನಾನು. ಬಂದ ದಿನವೇ ಬಸ್‌ಸ್ಟ್ಯಾಂಡಿನಲ್ಲಿ ಒಂದು ಲೋಟ ಕಾಫಿಗೆ ಚೌಕಾಸಿ ಮಾಡಿ, ಮುಕ್ಕಾಲು ಲೋಟಕ್ಕೆ ಅರ್ಧ ಲೋಟದ ಬೆಲೆ ಕೊಟ್ಟವನು. ಓದುಗರಿಗೆ ಉಪಯೋಗವಾಗಲೆಂದು ಒಂದು ಗುಟ್ಟು ಹೇಳಿಬಿಡುತ್ತೇನೆ. ಕೊಳ್ಳಬೇಕೆಂದಿರುವ ವಸ್ತುವಿನ ಕಡೆ ಕಣ್ಣೆತ್ತಿಯೂ ನೋಡಬೇಡಿ. ಅದರ ಪಕ್ಕದ್ದನ್ನು ನೋಡಿ ನಿಟ್ಟುಸಿರು ಬಿಡಿ. ಹೊರಡುವಾಗ ಬಾಗಿಲಲ್ಲಿ ನಿಂತು, ‘ಅಂದಹಾಗೆ, ಈ ದರಿದ್ರದ್ದು ಎಷ್ಟಕ್ಕೆ?’ ಎಂದು ಕೇಳಿ. ಈ ಉಪಾಯದಿಂದ ಎಷ್ಟೋ ಬಾಗಿಲುಗಳನ್ನು ಗೆದ್ದಿದ್ದೇನೆ. ಅಂಥ ನಾನು ಬರೀ ಎಂಟು ಅಕ್ಷರದಲ್ಲಿ ಮಾನ ಕಳೆದುಕೊಳ್ಳುವ ಸ್ಥಿತಿಗೆ ಬಂದದ್ದು ಹೇಗೆ ಎಂಬುದನ್ನು ಹೇಳಿಕೊಂಡರೆ ನನಗೂ ಹಗುರ, ನಿಮಗೂ ಒಂದು ಪಾಠ.

ವಿಜಯನಗರದಲ್ಲಿ ಸೈಟು ಸಿಕ್ಕಿ ನಾನು ಮನೆ ಕಟ್ಟಿದಾಗ ಸುತ್ತಮುತ್ತ ಮನೆಗಳಿಗಿಂತ ಗಡಿಕಲ್ಲುಗಳೇ ಹೆಚ್ಚಾಗಿದ್ದವು. ನನ್ನ ಮನೆಯನ್ನು ಯಾರು ಬೇಕಾದರೂ ಗುರುತಿಸಬಹುದು. ಒಂದು ಕಿಟಕಿಯಂತೆ ಇನ್ನೊಂದಿಲ್ಲ. ಅಡುಗೆಮನೆಯ ಬಾಗಿಲು ಯಾವುದೋ ಸಾಹುಕಾರರ ಪಡಸಾಲೆಯದು, ಎರಡು ಸಿಂಹಗಳಿವೆ. ನಡುಮನೆಯ ಬಾಗಿಲು ಯಾರದೋ ಬಚ್ಚಲಿನದು. ಕಬ್ಬಿಣದ ಗೇಟಿನ ವಿಷಯದಲ್ಲಂತೂ ನನಗೆ ಅದೃಷ್ಟವೇ ಖುಲಾಯಿಸಿತು. ಮಲ್ಲೇಶ್ವರದ ಕಡೆ ಕೆಡವಿದ ಮನೆಯೊಂದರ ಗೇಟು. ನಟ್ಟನಡುವೆ ಕಬ್ಬಿಣದಲ್ಲೇ ಬಗ್ಗಿಸಿ ಕೂರಿಸಿದ ‘ಸರೋಜ’ ಎಂಬ ಅಕ್ಷರಗಳು. ನನ್ನ ತಂಗಿಯ ಹೆಸರೂ ಸರೋಜ! ಅವಳು ರಾಜಾಜಿನಗರದ ಒಂದು ಆಫೀಸಿನಲ್ಲಿ ಟೈಪಿಸ್ಟು, ನಮ್ಮ ಜೊತೆಯಲ್ಲೇ ಇದ್ದವಳು. ಅಣ್ಣ ತನ್ನ ಹೆಸರಲ್ಲೇ ಗೇಟು ಮಾಡಿಸಿದನೆಂದು ಅವಳು ಹಿಗ್ಗಿದಳು. ಪಾರ್ವತಿ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ‘ನಿನ್ನ ಹೆಸರಿನ ಮನೆ ಯಾರೂ ಕೆಡವಲಿಲ್ಲವಲ್ಲೇ, ನಾನೇನು ಮಾಡಲಿ?’ ಎಂದು ಸಮಾಧಾನ ಹೇಳಹೋಗಿ ಮತ್ತೆ ಮೂರು ದಿನ ಸೇರಿಸಿಕೊಂಡೆ.

ಗೇಟೇನೋ ಬಂತು, ಅದರ ಎರಡು ಪಕ್ಕಕ್ಕೂ ಬೇಲಿ ಇರಲಿಲ್ಲ. ಪಕ್ಕದ ಮಾರೇನಹಳ್ಳಿಯ ಹಸುಗಳು ಬಹಳ ಮರ್ಯಾದಸ್ತ ಹಸುಗಳು. ಗೇಟು ಮುಟ್ಟುತ್ತಿರಲಿಲ್ಲ, ಪಕ್ಕದಿಂದ ಬಂದು ಪಾರ್ವತಿಯ ದಂಟಿನ ಸೊಪ್ಪು, ಬದನೆ ಗಿಡ ಎಲ್ಲವನ್ನೂ ಮುಗಿಸಿ, ಹಾಗೆಯೇ ಪಕ್ಕದಿಂದ ಹೋಗುತ್ತಿದ್ದವು. ‘ಮುಳ್ಳುತಂತಿ ಹಾಕಿಸ್ತೀರೋ, ಇಲ್ಲ ಹಸುಗಳಿಗೆ ಎಲೆ ಹಾಕಿ ಬಡಿಸ್ಲೋ?’ ಎಂದಳು ಪಾರ್ವತಿ. ಮುಳ್ಳುತಂತಿ ವಿಚಾರಿಸಿದೆ. ಅಂಗಡಿಯವನು ಹೇಳಿದ ಬೆಲೆ ಕೇಳಿ, ತಂತಿಗಿಂತ ಇವನ ಬಾಯಿಗೇ ಹೆಚ್ಚು ಮುಳ್ಳಿದೆ ಎನ್ನಿಸಿ ಎದ್ದು ಬಂದೆ. ಅದೇ ವಾರ ಸುಂಕದಕಟ್ಟೆಯ ಕಡೆ ಒಂದು ಹಳೆ ತೊಟ್ಟಿಮನೆಯ ಕಂಬ ನೋಡಲು ಹೋದಾಗ, ಹೊಲದ ಬದುವಿನ ಮೇಲೆ ಎದೆಯುದ್ದ ಬೆಳೆದಿದ್ದ ಪಾಪಾಸುಕಳ್ಳಿ ಕಣ್ಣಿಗೆ ಬಿತ್ತು. ಹಸಿರು ಹಸಿರಾಗಿ, ಒಂದರ ಮೇಲೊಂದು ಅಂಗೈ ಇಟ್ಟು ನಿಂತ ಜನಜಂಗುಳಿಯಂತೆ. ದೇವರೇ ಬಿಟ್ಟಿಯಾಗಿ ಬೆಳೆಸಿದ ಮುಳ್ಳುತಂತಿ! ನಾನು ಪದ್ಧತಿಯಂತೆ ಅದರತ್ತ ನೋಡದೆ, ಪಕ್ಕದ ಹೊಂಗೆಮರವನ್ನು ನೋಡಿ ನಿಟ್ಟುಸಿರು ಬಿಟ್ಟೆ. ಹೊಲದ ಯಜಮಾನ ತಿಮ್ಮೇಗೌಡರು ಬಂದರು.

‘ಗೌಡ್ರೇ, ಅಂದಹಾಗೆ ಈ ಕಳ್ಳಿ ಏನ್ ರೇಟು?’

‘ಅಯ್ಯೋ, ಅದಕ್ಕೇನ್ ರೇಟು ಸ್ವಾಮಿ. ಸುಮ್ನೆ ಕಡ್ಕೊಂಡ್ ಹೋಗಿ. ಪೀಡೆ ತೊಲಗುತ್ತೆ.’

ಇಂಥ ಮಾತು ಕೇಳಿದರೆ ನನಗೆ ಕೈಕಾಲೇ ಆಡುವುದಿಲ್ಲ. ‘ಸುಮ್ನೆ ಅಂದ್ರೆ ಜಾಸ್ತಿಯಾಯ್ತು ಗೌಡ್ರೇ, ಸ್ವಲ್ಪ ನೋಡಿ ಹೇಳಿ’ ಎಂದು ಬಾಯಿ ತಾನೇ ಅಂದುಬಿಟ್ಟಿತು. ಗೌಡರು ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದರು. ‘ಸುಮ್ನೆಗಿಂತ ಕಮ್ಮಿ ಹೆಂಗ್ ಸ್ವಾಮಿ?’ ಎಂದರು. ಹೇಗೆ ಎಂದು ಅರ್ಧ ಗಂಟೆ ವಿವರಿಸಿದೆ. ಕಡೆಗೆ ಕಳ್ಳಿಯನ್ನು ಅವರೇ ಕಡಿಸಿ, ಅವರದೇ ಎತ್ತಿನಗಾಡಿಯಲ್ಲಿ ಹೇರಿ, ವಿಜಯನಗರದ ನನ್ನ ಮನೆ ಬಾಗಿಲಿಗೆ ತಂದಿಳಿಸಿದರು. ನನ್ನ ಜೀವಮಾನದ ಅತ್ಯುತ್ತಮ ವ್ಯಾಪಾರ ಅದು. ಅದನ್ನು ಎಲ್ಲರೆದುರು ಹೇಳಿಕೊಳ್ಳುವ ಅಭ್ಯಾಸ ಆಗಲೇ ಶುರುವಾದದ್ದು. ಆ ಅಭ್ಯಾಸ ಮುಂದೆ ಏನು ಮಾಡಿತೆಂಬುದನ್ನು ನೋಡುವಿರಂತೆ.

ಪಾಪಾಸುಕಳ್ಳಿಯಷ್ಟು ಲಾಭದ ಗಿಡ ಇನ್ನೊಂದಿಲ್ಲ. ಬೀಜ ಬೇಡ, ಗೊಬ್ಬರ ಬೇಡ, ನೀರಂತೂ ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತದೆ. ಒಂದು ತುಂಡು ಮುರಿದು ನೆಲಕ್ಕೆ ಚುಚ್ಚಿದರೆ ಮುಗಿಯಿತು. ಚುಚ್ಚಲು ಮರೆತು ಬಿಸಾಕಿದರೂ ಬಿದ್ದಲ್ಲೇ ಬೇರು ಬಿಟ್ಟು, ‘ಕರೆದಿರೇನು?’ ಎಂದು ಎದ್ದು ನಿಲ್ಲುತ್ತದೆ. ನಾವು ಎಲೆ ಎಂದುಕೊಳ್ಳುವುದು ಎಲೆಯಲ್ಲ, ಅದು ಕಾಂಡ. ಎಲೆಗಳು ಖರ್ಚು ಹೆಚ್ಚೆಂದು ಮುಳ್ಳಾಗಿ ಕುಗ್ಗಿಬಿಟ್ಟಿವೆಯಂತೆ. ಹೀಗೆಂದು ಸರೋಜ ಯಾವುದೋ ಪುಸ್ತಕದಲ್ಲಿ ಓದಿ ಹೇಳಿದಾಗ ನನಗೆ ಆ ಗಿಡದ ಮೇಲೆ ಬಂಧುಪ್ರೀತಿ ಉಕ್ಕಿತು. ಎಲ್ಲೋ ಸಮುದ್ರದಾಚೆಯ ಗಿಡವಂತೆ. ಬಂದ ಊರಿನಲ್ಲಿ ಕಲ್ಲಿರಲಿ, ಮಣ್ಣಿರಲಿ, ಸಿಕ್ಕಿದ್ದರಲ್ಲೇ ಕಾಲೂರಿದ್ದು, ನನ್ನ ಹಾಗೆಯೇ. ಪಾರ್ವತಿ ಮಾತ್ರ ‘ಹೆಸರಲ್ಲೇ ಪಾಪ ಇದೆ, ಮನೆ ಮುಂದೆ ಬೇಡ’ ಎಂದಳು. ‘ಪಾಪ ಅಲ್ಲ ಕಣೇ, ಪಾಪಾಸು. ನಮ್ಮಜ್ಜ ಎಕ್ಕಡಕ್ಕೆ ಪಾಪಾಸು ಅಂತಿದ್ದ. ನೋಡು, ಒಂದೊಂದೂ ಥೇಟ್ ಚಪ್ಪಲಿ ಅಟ್ಟೆ ಥರಾನೇ ಇಲ್ವಾ?’ ಎಂದೆ. ‘ಸರಿ, ಮನೆ ಸುತ್ತ ಚಪ್ಪಲಿ ಹಾರ ಹಾಕಿಸಿದ್ರಿ ಅನ್ನಿ’ ಎಂದು ಒಳಗೆ ಹೋದಳು.

ಎರಡು ಮಳೆಗಾಲ ಕಳೆಯುವುದರಲ್ಲಿ ಬೇಲಿ ಎದೆಮಟ್ಟ ಬಂತು. ಹಳದಿ ಹೂ ಬಿಟ್ಟಿತು. ಹೂವಿನ ಹಿಂದೆ ಕೆಂಪು ಹಣ್ಣು. ಹಸುಗಳು ಬಂದವು, ನೋಡಿದವು, ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಹೋದವು. ನಾನು ಬೀದಿಯವರನ್ನೆಲ್ಲ ಕರೆದು ಕರೆದು ಸಲಹೆ ಕೊಟ್ಟೆ: ಇದರ ಲೋಳೆ ಸುಣ್ಣಕ್ಕೆ ಬೆರೆಸಿ ಬಳಿಯಿರಿ, ಗೋಡೆ ಮುಟ್ಟಿದರೂ ಅಂಗಿಗೆ ಹತ್ತುವುದಿಲ್ಲ, ಮುಳ್ಳು ಸುಟ್ಟರೆ ದನಕ್ಕೆ ಮೇವು, ಬಿಸಿ ಮಾಡಿ ಕಟ್ಟಿದರೆ ಮಂಡಿ ಊತಕ್ಕೆ ಒಳ್ಳೆಯದಂತೆ. ಈ ಕೊನೆಯದನ್ನು ಎದುರುಮನೆಯ ಅಜ್ಜಿ ಮುಳ್ಳು ಸುಡದೆ ಕಟ್ಟಿಕೊಂಡು ನೋಡಿದರು. ಮಂಡಿನೋವು ಅವರಿಗೆ ಮತ್ತೆ ನೆನಪಿಗೇ ಬರಲಿಲ್ಲವೆಂಬುದು ನಿಜ.

ಕಳ್ಳಿಯ ಉದ್ದ ಮುಳ್ಳು ನಿಯತ್ತಿನ ವ್ಯಾಪಾರಿ ಇದ್ದ ಹಾಗೆ. ತನ್ನ ರೇಟು ಎದುರಿಗೇ ಹೇಳಿಬಿಡುತ್ತದೆ. ಮೋಸವಿರುವುದು ಅದರ ಬುಡದಲ್ಲಿರುವ ಸಣ್ಣ ಕೂದಲುಗಳಲ್ಲಿ. ಕಣ್ಣಿಗೆ ವೆಲ್ವೆಟ್ಟಿನ ಚುಕ್ಕೆಯಂತೆ ಕಾಣುತ್ತವೆ, ಸೋಕಿದರೆ ನೂರಾರು ಒಟ್ಟಿಗೆ ಚರ್ಮಕ್ಕಿಳಿದು ಕೂರುತ್ತವೆ. ನಮ್ಮ ಪೋಸ್ಟ್‌ಮನ್ ನಂಜಪ್ಪ ಗೇಟು ತೆರೆಯುವ ಸೋಮಾರಿತನಕ್ಕೆ ಬೇಲಿಯ ಮೇಲೆ ಮುಂಗೈ ಊರಿ ಕಾಗದ ಚಾಚಿದ. ಊರಿದ ಕೈಯನ್ನು ಎತ್ತಿ ಕುಣಿದ ಕುಣಿತ ಇನ್ನೂ ಕಣ್ಣಿಗೆ ಕಟ್ಟಿದೆ. ಸರೋಜ ಅವನ ಚೀಲದಲ್ಲಿದ್ದ ಗೋಂದಿನ ಬಾಟಲಿಯನ್ನೇ ತೆಗೆದು ಕೈಗೆ ಬಳಿದು, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದಳು. ಕೂದಲೆಲ್ಲ ಗೋಂದಿನ ಜೊತೆ ಎದ್ದು ಬಂತು. (ಬರೆದಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.) ನಂಜಪ್ಪ ಖಡಾಖಂಡಿತವಾಗಿ ಹೇಳಿದ: ‘ಸಾರ್, ಒಂದು ಬೋರ್ಡ್ ಹಾಕ್ಸಿ. ಇಲ್ಲಾಂದ್ರೆ ನಿಮ್ ಲೆಟರೆಲ್ಲ ಎದುರುಮನೆ ಅಜ್ಜಿ ಕೈಗೇ ಕೊಡೋದು.’ ಅಜ್ಜಿ ಕಾಗದಗಳನ್ನು ಮೊದಲು ತಾವು ಓದಿ ಆಮೇಲೆ ಸಾರಾಂಶ ಹೇಳುವವರು. ಆ ದಿನಗಳಲ್ಲಿ ನಾವು ಎದುರು ನೋಡುತ್ತಿದ್ದ ಕಾಗದ ಅಂಥವರ ಕೈಗೆ ಸಿಗತಕ್ಕದ್ದಾಗಿರಲಿಲ್ಲ.

ಅದು ಸರೋಜಳ ಮದುವೆಯ ಕಾಗದ. ಹಾವೇರಿ ಕಡೆಯ ಬಸಪ್ಪನವರ ಮಗ ಶಿವಾನಂದ, ಬಸವೇಶ್ವರನಗರದಲ್ಲಿ ರೂಮು ಮಾಡಿಕೊಂಡಿದ್ದ ಹೈಸ್ಕೂಲು ಮೇಷ್ಟ್ರು. ದಿನಾ ಬೆಳಿಗ್ಗೆ ಸರೋಜ ಹೋಗುವ ಬಸ್ಸಿನಲ್ಲೇ ಹೋಗುತ್ತಿದ್ದನೆಂಬುದು ನನಗೆ ತಡವಾಗಿ, ಪಾರ್ವತಿಗೆ ಬಹಳ ಮೊದಲೇ ಗೊತ್ತಾಗಿತ್ತು. ಅದಕ್ಕೆ ಮುಂಚೆ ಮೂರು ಸಂಬಂಧ ನನ್ನಿಂದಲೇ ತಪ್ಪಿದ್ದವು. ಒಬ್ಬರು ‘ನಮ್ಮ ಕಡೆಯಿಂದ ಮುನ್ನೂರು ಜನ’ ಎಂದಾಗ ನಾನು ಎಪ್ಪತ್ತೈದರಿಂದ ಶುರು ಮಾಡಿದ್ದೆ. ಇನ್ನೊಬ್ಬರ ಹತ್ತಿರ ಚಿರೋಟಿಯ ಅಗಲದ ಬಗ್ಗೆ ಮಾತು ಬೆಳೆದಿತ್ತು. ಮೂರನೆಯವರನ್ನು ನೆನಪಿಸಿಕೊಳ್ಳಬಾರದೆಂದು ಪಾರ್ವತಿ ಆಣೆ ಹಾಕಿಸಿದ್ದಾಳೆ. ಶಿವಾನಂದನ ಕಾಗದ ಬಂದ ದಿನ ಸರೋಜ ನನ್ನೆದುರು ಬಂದು ನಿಂತಳು. ಯಾವಾಗಲೂ ನಗುವ ಹುಡುಗಿ, ಅಂದು ನಗಲಿಲ್ಲ.

‘ಅಣ್ಣ, ಭಾನುವಾರ ಬರ್ತಾರಂತೆ. ನನಗೆ ಇದೊಂದು ಬೇಕು. ನೀನು ಬಾಯಿ ಬಿಡಬೇಡ. ಅವರು ಏನ್ ಹೇಳಿದ್ರೂ ಹೂಂ ಅನ್ನು.’

‘ಹೂಂ’ ಎಂದೆ. ಕೇಳಿದ್ದನ್ನು ಕೇಳಿದ ಬೆಲೆಗೆ ಕೊಟ್ಟದ್ದು ಅದೇ ಮೊದಲು. ಮನಸ್ಸಿಗೆ ಏನೋ ಕಳೆದುಕೊಂಡಂತಾಯಿತು. ಆ ನಷ್ಟವನ್ನು ಬೇರೆ ಎಲ್ಲಾದರೂ ತುಂಬಿಕೊಳ್ಳಲೇಬೇಕಲ್ಲ. ಅದೇ ಹೊತ್ತಿಗೆ ಬೋರ್ಡ್ ಬರೆಯುವ ಪೇಂಟರ್ ಚಿನ್ನಪ್ಪ ಅಂಗಡಿಗೆ ಬಂದ.

ಚಿನ್ನಪ್ಪನಿಗೆ ತನ್ನ ಹೊಸ ಮನೆಗೆ ಕಿಟಕಿ ಬೇಕಿತ್ತು, ನನಗೆ ಬೋರ್ಡು ಬೇಕಿತ್ತು. ಕಾಸಿನ ಮಾತೇ ಬೇಡವೆಂದುಕೊಂಡೆವು. ನನ್ನಲ್ಲಿ ತೇಗದ ಒಂದು ಜೋಡಿ ಕಿಟಕಿ ಕದ ಇತ್ತು. ‘ಒಂದು ಕದಕ್ಕೆ ಎಷ್ಟು ಅಕ್ಷರ?’ ಎಂದೆ. ಚಿನ್ನಪ್ಪ ಕದವನ್ನು ತಟ್ಟಿ, ಮೂಸಿ, ‘ಎಂಟು’ ಎಂದ. ಹನ್ನೆರಡಕ್ಕೆ ಎಳೆದೆ. ಅವನು ಬಗ್ಗಲಿಲ್ಲ. ಸಾಲದ್ದಕ್ಕೆ, ‘ಒತ್ತು ಬೇರೆ ಲೆಕ್ಕ ಸಾರ್. ಕೆಳಗಡೆ ಕೂತಿದೆ ಅಂತ ಅದೇನು ಬಿಟ್ಟಿ ಬರುತ್ತಾ? ಅದಕ್ಕೂ ಬಣ್ಣ ಬೇಕು’ ಎಂದ. ನಾನು ಬರೆದುಕೊಂಡಿದ್ದದ್ದು ಹೀಗೆ: ‘ಸಾರ್ವಜನಿಕರೇ, ಬೇಲಿಯಲ್ಲಿ ಪಾಪಾಸುಕಳ್ಳಿ ಇದೆ, ಎಚ್ಚರಿಕೆ.’ ಚಿನ್ನಪ್ಪ ಎಣಿಸಿ ಸಿಳ್ಳೆ ಹಾಕಿದ. ‘ಕಮ್ಮಿ ಮಾತಾಡಿ, ಜಾಸ್ತಿ ಕೆಲಸ ಮಾಡಿ ಅಂತ ಬಸ್ ಮೇಲೆಲ್ಲ ನಾನೇ ಬರೀತಾ ಇದೀನಿ. ನಿಮ್ದೇನ್ ಸಾರ್ ಇದು, ಪುರಾಣ?’

ಕುಳಿತು ಕತ್ತರಿಸತೊಡಗಿದೆ. ಮೊದಲು ಸಾರ್ವಜನಿಕರು ಹೋದರು. ಸಾರ್ವಜನಿಕರಲ್ಲದೆ ಹಸುಗಳು ಓದುತ್ತವೆಯೇ? ಆಮೇಲೆ ‘ಬೇಲಿಯಲ್ಲಿ’ ಹೋಯಿತು. ಬೇಲಿ ಎದುರಿಗೇ ಇದೆ. ‘ಪಾಪಾಸು’ ಏಕೆ? ಚಪ್ಪಲಿಗೂ ಎಚ್ಚರಿಕೆಗೂ ಏನು ಸಂಬಂಧ? ‘ಕಳ್ಳಿ ಇದೆ ಎಚ್ಚರಿಕೆ’ ಎಂದು ಉಳಿಯಿತು. ಒತ್ತೂ ಸೇರಿ ಹತ್ತು. ಇನ್ನೂ ಎರಡು ಹೆಚ್ಚು. ಆ ಎರಡಕ್ಕೆ ಇನ್ನೊಂದು ಕದ ಕೊಡುವ ಮೂರ್ಖ ನಾನಲ್ಲ. ‘ಇದೆ’ ಎಂಬುದರ ಮೇಲೆ ಕಣ್ಣು ಬಿತ್ತು. ಇಲ್ಲದ್ದಕ್ಕೆ ಯಾರಾದರೂ ಬೋರ್ಡು ಹಾಕುತ್ತಾರೆಯೇ? ಹೊಡೆದು ಹಾಕಿದೆ. ಕರಾರುವಾಕ್ಕಾಗಿ ಎಂಟು! ಚಿನ್ನಪ್ಪ ಒಂದು ಸಲ ಓದಿ, ನನ್ನ ಮುಖ ನೋಡಿ, ‘ಇಷ್ಟೇ ಸಾಕಾ ಸಾರ್?’ ಎಂದ. ‘ಧಾರಾಳ’ ಎಂದೆ. ಅವನು ತುಟಿ ಕಚ್ಚಿಕೊಂಡು ಕದ ಹೊತ್ತು ನಡೆದ.

ಭಾನುವಾರ ಬೆಳಿಗ್ಗೆ ನಾನು ಹೂವು ತರಲು ಹೋಗಿದ್ದಾಗ ಬೋರ್ಡು ಬಂದಿತ್ತು. ಜಾಗ ಚೆನ್ನಾಗಿದೆಯೆಂದು ಚಿನ್ನಪ್ಪ ಅದನ್ನು ಗೇಟಿಗೇ ತಂತಿಯಲ್ಲಿ ಬಿಗಿದು ಹೋಗಿದ್ದ. ಕಬ್ಬಿಣದ ‘ಸರೋಜ’ದ ಸರಿಯಾಗಿ ಕೆಳಗೆ, ಹಳದಿಯ ಮೇಲೆ ಕೆಂಪಕ್ಷರ. ಬಂದವನು ನಿಂತು ನೋಡಿದೆ. ದೇವರಾಣೆಗೂ ನಾನು ಓದಲಿಲ್ಲ, ಎಣಿಸಿದೆ. ಎಂಟಿತ್ತು. ತೃಪ್ತಿಯಿಂದ ಒಳಗೆ ಹೋದೆ.

ಹತ್ತು ಗಂಟೆಗೆ ಆಟೋ ನಿಂತಿತು. ಬಸಪ್ಪನವರು, ಅವರ ಹೆಂಡತಿ ಗಂಗವ್ವ, ಹಿಂದೆ ಶಿವಾನಂದ. ಇಳಿದವರು ಒಳಗೆ ಬರಲಿಲ್ಲ. ಕಿಟಕಿಯಿಂದ ನೋಡುತ್ತೇನೆ, ಗಂಗವ್ವ ಕನ್ನಡಕ ಹಾಕಿಕೊಂಡು ಗೇಟಿನ ಮುಂದೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಾರೆ. ‘ಸ-ರೋ-ಜ. ಕ-ಳ್ಳಿ. ಎ-ಚ್ಚ-ರಿ-ಕೆ.’ ಓದಿ ಮುಗಿಸಿ ಕೊರಳಿನ ಸರದ ಮೇಲೆ ಕೈ ಇಟ್ಟುಕೊಂಡರು. ‘ಏನ್ರೀ ಇದು! ಹುಡುಗಿ ಹೆಸರು ಬರದು, ಕೆಳಗ ಕಳ್ಳಿ ಅಂತ ಬರಸ್ಯಾರಲ್ಲರೀ! ಮನಿಯವರ ಬರಸ್ಯಾರಂದ್ರ ಎಂಥಾ ಕಳ್ಳಿ ಇರಬೇಕು!’

‘ಯವ್ವಾ, ಕಳ್ಳಿ ಅಂದ್ರ ಗಿಡಾ ಇರಬೇಕು...’ ಎಂದ ಶಿವಾನಂದ.

‘ನೀ ಸುಮ್ಮನಿರು. ಗಿಡಾ ಆಗಿದ್ರ “ಐತಿ” ಅಂತ ಬರೀತಿದ್ದರು’ ಎಂದರು ಬಸಪ್ಪನವರು.

ಆ ‘ಇದೆ’! ನಾನು ಕೈಯಾರೆ ಕತ್ತರಿಸಿದ ಎರಡೇ ಅಕ್ಷರ! ಪಂಚೆ ಎತ್ತಿ ಕಟ್ಟಿ ಓಡಿದೆ. ಬಾಯಿ ಬಿಡಬೇಡ ಎಂಬ ಸರೋಜಳ ಮಾತು ಹೊಸ್ತಿಲ ಒಳಗೇ ಉಳಿಯಿತು. ‘ಬನ್ನಿ ಬನ್ನಿ, ತಪ್ಪು ತಿಳೀಬೇಡಿ! ಕಳ್ಳಿ ಬೇರೆ! ಇದೇ ನೋಡಿ ನಮ್ಮ ಕಳ್ಳಿ!’ ಎಂದು ಬೇಲಿಯ ಕಡೆ ಕೈ ಚಾಚಿದೆ. ದುರದೃಷ್ಟಕ್ಕೆ ಬೇಲಿಯ ಆಚೆ ಪಾರ್ವತಿ ಆರತಿ ತಟ್ಟೆ ಹಿಡಿದು ಬಂದು ನಿಂತಿದ್ದಳು. ನನಗದು ಕಾಣಲಿಲ್ಲ, ನಾನು ನನ್ನ ಜೀವಮಾನದ ಅತ್ಯುತ್ತಮ ವ್ಯಾಪಾರದ ವರ್ಣನೆಗೆ ಇಳಿದುಬಿಟ್ಟಿದ್ದೆ. ‘ಸುಂಕದಕಟ್ಟೆ ಕಡೆಯಿಂದ ತಂದದ್ದು. ಒಂದು ಕಾಸು ಕೊಡಲಿಲ್ಲ! ಪೀಡೆ ತೊಲಗಿದರೆ ಸಾಕು ಅಂತ ಅವರೇ ಗಾಡಿ ಕಟ್ಟಿ ಮನೇವರೆಗೂ ಬಿಟ್ಟು ಹೋದರು. ಬಂದಾಗ ಇಷ್ಟೇ ಇಷ್ಟಿತ್ತು. ಈಗ ನೋಡಿ, ಹೇಗೆ ದಪ್ಪಗಾಗಿದೆ!’

ಗಂಗವ್ವ ಪಾರ್ವತಿಯನ್ನು ನೋಡಿದರು. ಪಾರ್ವತಿ ನನ್ನನ್ನು ನೋಡಿದಳು. ಆರತಿಯ ದೀಪ ಆ ನೋಟಕ್ಕೇ ಇನ್ನಷ್ಟು ಪ್ರಜ್ವಲಿಸಿತು.

‘ನಡೀರಿ, ಈ ಕಳ್ಳತನ ಇವರ ಮನಿತನದಾಗ ಐತಿ’ ಎಂದು ಗಂಗವ್ವ ಆಟೋ ಕಡೆ ತಿರುಗಿದರು. ಬಸಪ್ಪನವರೂ ತಿರುಗಿದರು, ತಿರುಗುವ ಗಡಿಬಿಡಿಯಲ್ಲಿ ಆಯ ತಪ್ಪಿ ಬೇಲಿಯ ಮೇಲೆ ಅಂಗೈ ಊರಿದರು. ಕೂಡಲೇ ‘ಯಪ್ಪಾ!’ ಎಂಬ ಕೂಗು. ಆ ಕೂಗಿನ ಬಾಲದಲ್ಲೇ ಇನ್ನೊಂದು ಕೂಗು, ಅದು ಮಾತ್ರ ಸಂತೋಷದ್ದು: ‘ಡಬಗಳ್ಳಿ! ಏ, ನೋಡಿಲ್ಲೆ, ಡಬಗಳ್ಳಿ ಅಲ್ಲೇನ ಇದು! ಹಂಗಾರ ಕಳ್ಳಿ ಅಂದ್ರ ಇದ!’ ಅವರ ಕಡೆ ಪಾಪಾಸುಕಳ್ಳಿಗೆ ಡಬಗಳ್ಳಿ ಎನ್ನುತ್ತಾರಂತೆ. ನಾನು ಇಡೀ ಹೆಸರು ಬರೆಸಿದ್ದರೂ ಅವರಿಗೆ ತಿಳಿಯುತ್ತಿತ್ತೋ ಇಲ್ಲವೋ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತೇನೆ.

ಅಷ್ಟರಲ್ಲಿ ಸರೋಜ ಬಂದಳು. ಹೆಣ್ಣು ತೋರಿಸುವಾಗ ತಲೆ ಬಗ್ಗಿಸಿ ಕಾಫಿ ತಟ್ಟೆ ತರಬೇಕೆಂದು ಪಾರ್ವತಿ ಎರಡು ದಿನ ಅಭ್ಯಾಸ ಮಾಡಿಸಿದ್ದಳು. ಇವಳು ಜರಿ ಸೀರೆಯ ನೆರಿಗೆ ಹಿಡಿದು ಗೋಂದಿನ ಬಾಟಲಿಯೊಂದಿಗೆ ಓಡಿ ಬಂದಳು. ‘ಕೈ ಉಜ್ಜಬೇಡಿ ಮಾವ! ಉಜ್ಜಿದ್ರೆ ಇನ್ನೂ ಒಳಗೆ ಹೋಗುತ್ತೆ!’

ಮಾವ! ಇನ್ನೂ ಹುಡುಗಿಯನ್ನು ನೋಡಿಯೇ ಇಲ್ಲ, ಸಂಬಂಧ ಆಟೋ ಹತ್ತಲು ಒಂದು ಕಾಲು ಎತ್ತಿದೆ, ಇವಳು ಮಾವ ಅಂದುಬಿಟ್ಟಿದ್ದಾಳೆ. ಸರೋಜ ಕಳ್ಳಿಹಣ್ಣಿಗಿಂತ ಕೆಂಪಾದಳು. ಶಿವಾನಂದ ಆಕಾಶದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದ. ಬಸಪ್ಪನವರು ಒಮ್ಮೆ ಅವಳನ್ನು, ಒಮ್ಮೆ ಮಗನನ್ನು ನೋಡಿ, ಸುಮ್ಮನೆ ಅಂಗೈ ಚಾಚಿದರು. ‘ಹಚ್ಚವಾ’ ಎಂದರು. ಅಷ್ಟೇ. ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದವರು ಜಗಲಿಯ ಮೇಲೆ ಬಂದು ಕೂರುವವರೆಗೂ ನಿಲ್ಲಿಸಲಿಲ್ಲ. ‘ಎಲ್ಲಾರೂ ಹುಡುಗಿ ಐಬು ಮುಚ್ಚಿಡತಾರ, ಇವರು ಇಲ್ಲದ್ದು ಗೇಟಿಗೆ ಬರದು ಹಾಕ್ಯಾರ ನೋಡವಾ’ ಎಂದು ಪಾರ್ವತಿಯ ಕೈ ಹಿಡಿದುಕೊಂಡರು.

ಗೋಂದು ಒಣಗುವವರೆಗೂ ಬಸಪ್ಪನವರದೇ ಮಾತು. ಅವರ ಚಿಕ್ಕಂದಿನಲ್ಲಿ ಹಿರಿಯರು ಹೇಳುತ್ತಿದ್ದರಂತೆ, ಡಬಗಳ್ಳಿ ಊರ ಸುತ್ತ ಕೋಟೆಯಂತೆ ಇತ್ತಂತೆ. ‘ಒಂದು ಹುಳ ಬಂತ್ರೀ, ಮ್ಯಾಲೆ ಬೆಳ್ಳಗ ಹತ್ತಿ ಹಂಗ, ಒರಸಿದ್ರ ಕೆಂಪಗ ರಕ್ತ. ತಿಂದು ತಿಂದು ಎಲ್ಲಾ ಸಾಫ್ ಮಾಡ್ತು.’ ಉಳಿದ ಒಂದೆರಡು ಮೆಳೆಯಲ್ಲಿ ಇವರು ಹಣ್ಣು ಕಿತ್ತು, ಮರಳಲ್ಲಿ ಹೊರಳಿಸಿ, ಬೆಂಕಿಯಲ್ಲಿ ಕೂದಲು ಸುಟ್ಟು ತಿನ್ನುತ್ತಿದ್ದರಂತೆ. ಬಾಯೆಲ್ಲ ಕೆಂಪಾಗಿ ಶಾಲೆಯಲ್ಲಿ ಸಿಕ್ಕಿಬೀಳುತ್ತಿದ್ದರಂತೆ. ಸರೋಜ ಇಕ್ಕಳದಲ್ಲಿ ನಾಲ್ಕು ಹಣ್ಣು ಕಿತ್ತು, ಒಲೆಯಲ್ಲಿ ಸುಟ್ಟು, ಸಿಪ್ಪೆ ತೆಗೆದು ತಟ್ಟೆಯಲ್ಲಿಟ್ಟಳು. ಹೆಣ್ಣು ನೋಡಲು ಬಂದವರು ಕೇಸರಿಬಾತು ಮುಟ್ಟದೆ ಕಳ್ಳಿಹಣ್ಣು ತಿಂದು, ತುಟಿ ಗಲ್ಲ ಎಲ್ಲ ಕೆಂಪು ಮಾಡಿಕೊಂಡು, ‘ಹುಡುಗಿ ಪಸಂದ ಅದಾಳ’ ಎಂದರು. ‘ನಮ್ಮ ಕಡಿಯಿಂದ ನಾಕನೂರು ಮಂದಿ’ ಎಂದೂ ಅಂದರು. ನನ್ನ ಬಾಯಿ ತೆರೆಯಿತು. ಬಾಗಿಲ ಹಿಂದೆ ಸರೋಜ ಕೆಮ್ಮಿದಳು. ‘ಹೂಂ’ ಎಂದೆ. ಆ ‘ಹೂಂ’ ಗಂಟಲಲ್ಲಿ ಕಳ್ಳಿಯ ಕೂದಲಿನಂತೆ ಇವತ್ತಿಗೂ ಕೂತಿದೆ.

ಮರುದಿನ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಚಿನ್ನಪ್ಪನ ಮನೆಗೇ ಹೋದೆ. ಅವನ ಹೊಸ ಮನೆಯ ಕಿಟಕಿಯಲ್ಲಿ ನನ್ನ ಒಂಟಿ ಕದ ಒಂದು ಕಡೆ ಮಾತ್ರ ತೂಗುತ್ತಿತ್ತು. ‘ಇದಕ್ಕೆ “ಇದೆ” ಸೇರಿಸಬೇಕಲ್ಲಪ್ಪ. ಎರಡೇ ಅಕ್ಷರ’ ಎಂದು ಪಕ್ಕದ ಗೋಡೆ ನೋಡಿ ನಿಟ್ಟುಸಿರು ಬಿಟ್ಟೆ.

‘ಆಯ್ತು ಸಾರ್. ಇನ್ನೊಂದು ಕದ ಕೊಡಿ.’

‘ಎರಡು ಅಕ್ಷರಕ್ಕೆ ಒಂದು ಕದವೇ!’

‘ಬೇಕಿದ್ರೆ ಎಂಟು ಬರೀತೀನಿ. ಒಂಟಿ ಕದ ಇಟ್ಕೊಂಡು ನಾನೇನ್ ಮಾಡ್ಲಿ ಸಾರ್? ನೀವು “ಇದೆ” ಹೊಡೆದಾಗ್ಲೇ ಅಂದ್ಕೊಂಡೆ, ಇವರು ಈ ವಾರದಲ್ಲೇ ಇನ್ನೊಂದು ಕದ ಹಿಡ್ಕೊಂಡ್ ಬರ್ತಾರೆ ಅಂತ. ಮೊದಲೇ ಜೋಡಿ ಕೊಟ್ಟಿದ್ರೆ ಪಾಪಾಸೂ ಇರ್ತಿತ್ತು, “ಇದೆ”ನೂ ಇರ್ತಿತ್ತು, ಮಿಕ್ಕಿದ್ದರಲ್ಲಿ ಒಂದು ಓಂ ಕೂಡ ಹಾಕ್ತಿದ್ದೆ.’

ಜೀವಮಾನದಲ್ಲಿ ಮೊದಲ ಬಾರಿಗೆ ನನಗಿಂತ ದೊಡ್ಡ ವ್ಯಾಪಾರಿಯ ಎದುರು ನಿಂತಿದ್ದೆ. ಯೋಚಿಸಿ ಹೇಳುತ್ತೇನೆಂದು ಬೋರ್ಡಿನ ಜೊತೆ ಮನೆಗೆ ಬಂದೆ. ಆರತಿ ತಟ್ಟೆಯ ಗಳಿಗೆಯಿಂದ ಮಾತು ಬಿಟ್ಟಿದ್ದ ಪಾರ್ವತಿ ಅಂದು ತಾನಾಗಿಯೇ ಬಾಯಿ ಬಿಟ್ಟಳು.

‘ಕದ ಗಿದ ಏನೂ ಬೇಡ. ಆ ಕಳ್ಳಿ ಮೇಲಿನ ಗುಡಿಸು ಒಂದನ್ನ ಕೆರೆದುಬಿಡಿ. “ಕಳ್ಳ ಎಚ್ಚರಿಕೆ” ಅಂತ ಆಗುತ್ತೆ. ಈ ಮನೆಗೆ ಅದೇ ಸರಿ.’

ನಾನು ಬೋರ್ಡನ್ನು ಬೆಳಕಿಗೆ ಹಿಡಿದು ಆ ಗುಡಿಸನ್ನು ನೋಡಿದೆ. ಹೆಂಡತಿ ಬೈದಳೆಂದು ಬೇಸರವಾಗಲಿಲ್ಲ. ಬರೆಯುವುದಕ್ಕೆ ಕದ ತೆಗೆದುಕೊಂಡವನು, ಅಳಿಸುವುದಕ್ಕೆ ಕದ ವಾಪಸು ಕೊಟ್ಟಾನೇ ಎಂದು ಯೋಚಿಸುತ್ತಿದ್ದೆ.